ದೊಡ್ಡ ಚಿತ್ರಕ್ಕೆ ಕತ್ತರಿ ಬೇಡ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯದ ತರುಣ ಸದಸ್ಯರೊಬ್ಬರು ಬಂದು, ಪತ್ರಿಕೆಗಳ ಮೇಜಿನ ಕಡೆಗೆ ಹೋಗದೆ ನೇರವಾಗಿ ನಮ್ಮೆದುರು ನಿಂತು, "ಸರ್ರ, ಕತ್ತರಿ ಐತೇನ್ರಿ?" ಎಂದು ಕೇಳಿದರು. ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಉದ್ದನೆಯ ಸುರುಳಿಯೊಂದಿತ್ತು.

"ಯಾತಕ್ಕಪ್ಪಾ?" ಎಂದೆವು.

"ಚಿತ್ರಾ ಕತ್ತರಸಬೇಕ್ರಿ. ಇಷ್ಟ ದೊಡ್ಡದು ನಮ್ಮ ಮಶೀನಿನ್ಯಾಗ ಹಿಡಿಯಂಗಿಲ್ಲ, ಒಂಬತ್ತು ತುಂಡ ಮಾಡ್ಕೊಂಡು ಬಾ ಅಂದಾನ್ರಿ ಅಂಗಡಿಯಾಂವ."

ಕತ್ತರಿ ಕೊಡುವ ಮೊದಲು ಸುರುಳಿಯನ್ನು ಬಿಚ್ಚಿಸಿದೆವು. ಎರಡು ಮೇಜುಗಳನ್ನು ಜೋಡಿಸಿದ ಮೇಲೆ ಅದಕ್ಕೆ ಸ್ಥಳ ಸಾಕಾಯಿತು. ಅಗಲ 44 ಅಂಗುಲ, ಎತ್ತರ 30 ಅಂಗುಲ. ಎರಡು ಪೂರ್ಣ ಡ್ರಾಯಿಂಗ್ ಹಾಳೆಗಳನ್ನು ಹಿಂಬದಿಯಲ್ಲಿ ಟೇಪು ಅಂಟಿಸಿ ಕೂಡಿಸಿದ್ದು. ನಡುಗಡಲಿನಲ್ಲಿ ಒಂದು ಆಮೆ, ಆಮೆಯ ಬೆನ್ನಿನ ಮೇಲೆ ಒಂದು ಊರು. ಊರೆಂದರೆ ಅಂತಿಂಥ ಊರಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು, ಗೋಪುರದ ಮೇಲೆ ಗೋಪುರ, ಆಕಾಶದಲ್ಲಿ ರೆಕ್ಕೆಯುಳ್ಳ ದೋಣಿಗಳು, ನೀರಿನೊಳಗೆ ತಲೆಕೆಳಗಾದ ಇನ್ನೊಂದು ಊರು. ಅಕ್ಕಿಕಾಳಿನಷ್ಟು ಗಾತ್ರದ ನೂರಾರು ಮನುಷ್ಯರು. ಒಬ್ಬ ನೂಲು ಸುತ್ತುತ್ತಾನೆ, ಒಬ್ಬ ಜಗಳವಾಡುತ್ತಾನೆ, ಒಬ್ಬ ದೋಣಿಯ ಬಾಗಿಲಲ್ಲಿ ನಮ್ಮ ಲೋಕಲ್ ಗಾಡಿಯಲ್ಲಿ ನೇತಾಡುವಂತೆಯೇ ನೇತಾಡುತ್ತಾನೆ. ಕಪ್ಪು ಪೆನ್ನು, ನೀರುಬಣ್ಣ, ಅಲ್ಲಲ್ಲಿ ಅಗರಬತ್ತಿಯ ಪೊಟ್ಟಣದಿಂದ ಕತ್ತರಿಸಿ ಅಂಟಿಸಿದ ಬಂಗಾರದ ಬಣ್ಣದ ತಗಡು. ಅಜ್ಜಿಯ ಕಥೆ ಎಷ್ಟು, ಸಿನೆಮಾ ಎಷ್ಟು, ಮೊಬೈಲಿನ ಆಟಗಳು ಎಷ್ಟು ಎಂದು ಬೇರ್ಪಡಿಸಿ ಹೇಳಲಾಗದ ಲೋಕ. ಗೋದಾಮಿನ ರಾತ್ರಿ ಪಾಳಿ ಮುಗಿಸಿ ಬಂದು ಎರಡು ವರ್ಷ ಬರೆದದ್ದಂತೆ. ಐದು ಜನ ಇರುವ ಕೋಣೆ. ಮಳೆ ಬಂದರೆ ಸೋರುತ್ತದೆ. ಸುರುಳಿ ತೊಲೆಗೆ ತೂಗುಬಿದ್ದಿರುತ್ತದೆ. ಇಂಥ ಅದ್ಭುತ ಲೋಕಗಳನ್ನು ಬರೆಯುವವರು ಅಂತರ್ಜಾಲದಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರಷ್ಟೆ. ಅಲ್ಲಿ ಇವರೂ ಫೋನಿನಲ್ಲಿ ತೆಗೆದ ಫೋಟೋ ಒಂದನ್ನು ಹಾಕಿದ್ದರು. ನೋಡಿದವರು, "ಏನೋ ಮಸಿ ಚೆಲ್ಲಿದ ಹಾಗಿದೆ" ಎಂದರಂತೆ. ಅದಕ್ಕೇ ಕತ್ತರಿ.

ಕತ್ತರಿಯನ್ನು ನಾವು ಕೊಡಲಿಲ್ಲ. ಕತ್ತರಿಸದೆಯೇ ಆ ಚಿತ್ರವನ್ನು ಹೇಗೆ ಪ್ರತಿಮಾಡಲಾಯಿತೆಂಬುದನ್ನು ಇಲ್ಲಿ ಬರೆಯುತ್ತೇವೆ. ನಮ್ಮ ಸದಸ್ಯರಲ್ಲಿ ಹಾಳೆಯ ಮೇಲೆ ಏನಾದರೊಂದನ್ನು ದೊಡ್ಡದಾಗಿ ಬರೆದು ಮಂಚದ ಕೆಳಗೆ ಇಟ್ಟುಕೊಂಡವರು ಇವರೊಬ್ಬರೇ ಇರಲಾರರು.

ದೊಡ್ಡ ಚಿತ್ರಕ್ಕೂ ಬಾಡಿಗೆಯ ಕೋಣೆಗೂ ಇರುವ ಪೇಚಾಟ ಹೊಸದೂ ಅಲ್ಲ, ನಮ್ಮೊಬ್ಬರದೂ ಅಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ ಹೆನ್ರಿ ಡಾರ್ಜರ್ (1892-1973) ಎಂಬುವನಿದ್ದ. ಆಸ್ಪತ್ರೆಗಳಲ್ಲಿ ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ಬ್ಯಾಂಡೇಜು ಸುತ್ತುವುದು, ಇದು ಅವನ ಜೀವನೋಪಾಯ. 1932ರಿಂದ ಸುಮಾರು ನಾಲ್ವತ್ತು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದ. ಇಲ್ಲದ ಲೋಕವೊಂದರಲ್ಲಿ ಗುಲಾಮ ಮಕ್ಕಳು ಒಡೆಯರ ಮೇಲೆ ದಂಗೆಯೇಳುವ ಕಥೆಯನ್ನು ಹದಿನೈದು ಸಾವಿರಕ್ಕೂ ಹೆಚ್ಚು ಪುಟ ಬರೆದು, ಅದಕ್ಕೆ ನೂರಾರು ಚಿತ್ರಗಳನ್ನು ತಯಾರಿಸಿದ. ಹಾಳೆಗೆ ಹಾಳೆ ಅಂಟಿಸಿ ಎಂಟೊಂಬತ್ತು ಅಡಿಯವರೆಗೆ ಬೆಳೆಸಿದ ಚಿತ್ರಗಳು ಅವುಗಳಲ್ಲಿ ಉಂಟು. ಅಗ್ಗದ ಕಾಗದವನ್ನೂ ಹಾಳುಮಾಡಬಾರದೆಂದೋ ಏನೋ, ಅನೇಕ ಹಾಳೆಗಳ ಎರಡು ಮಗ್ಗುಲಲ್ಲೂ ಬರೆದ. ಮನುಷ್ಯರ ಆಕಾರ ಬರೆಯುವುದರಲ್ಲಿ ತನ್ನ ಕೈ ಸಾಲದೆಂದು, ಪತ್ರಿಕೆಗಳ ಚಿತ್ರಗಳನ್ನು ಔಷಧಿ ಅಂಗಡಿಯ ಫೋಟೋ ವಿಭಾಗಕ್ಕೆ ಕೊಟ್ಟು ದೊಡ್ಡದು ಮಾಡಿಸಿ, ಕಾರ್ಬನ್ ಇಟ್ಟು ತಿದ್ದುತ್ತಿದ್ದ. ಪ್ರತಿಮಾಡುವ ಯಂತ್ರದ ಸಹಾಯ ಅವನಿಗೂ ಬೇಕಾಗಿತ್ತು. 1972ರಲ್ಲಿ ಅಶಕ್ತನಾಗಿ ವೃದ್ಧಾಶ್ರಮಕ್ಕೆ ಹೋದ ಮೇಲೆಯೇ ಕೋಣೆಯಲ್ಲಿ ಏನಿತ್ತೆಂಬುದು ಹೊರಗಿನವರಿಗೆ ಗೊತ್ತಾದದ್ದು. ಮನೆಯೊಡೆಯ ನೇಥನ್ ಲರ್ನರ್ ಸ್ವತಃ ಛಾಯಾಚಿತ್ರಗಾರ. ನೋಡಿದ್ದನ್ನು ಕಸದ ಗಾಡಿಗೆ ಹಾಕಲಿಲ್ಲ. ಬೇರೆ ಯಾರಾದರೂ ಆಗಿದ್ದರೆ? ಇಂದು ಆ ಚಿತ್ರಗಳು ನ್ಯೂಯಾರ್ಕಿನ ಜಾನಪದ ಕಲೆಯ ವಸ್ತುಸಂಗ್ರಹಾಲಯವೇ ಮೊದಲಾದ ಕಡೆಗಳಲ್ಲಿವೆ. ಎರಡು ಮಗ್ಗುಲ ಚಿತ್ರವನ್ನು ಗೋಡೆಗೆ ತೂಗಿದರೆ ಒಂದೇ ಕಾಣುತ್ತದೆ, ಇನ್ನೊಂದು ಗೋಡೆಯನ್ನು ನೋಡುತ್ತಿರುತ್ತದೆ. ನೀರುಬಣ್ಣವನ್ನು ಬಹಳ ದಿನ ಬೆಳಕಿಗೆ ಒಡ್ಡಿದರೆ ಮಾಸುತ್ತದೆ. ಒಳ್ಳೆಯ ಪ್ರತಿಯಿದ್ದರೆ ಈ ಎರಡು ತೊಂದರೆಗಳಿಂದಲೂ ಪಾರಾಗಬಹುದು. ಎಲ್ಲರಿಗೂ ಲರ್ನರನಂಥ ಮನೆಯೊಡೆಯ ಸಿಕ್ಕುವುದಿಲ್ಲವಾದ್ದರಿಂದ, ಪ್ರತಿಯನ್ನು ನಾವೇ ಮಾಡಿಟ್ಟುಕೊಳ್ಳುವುದು ಕ್ಷೇಮ.

ಇನ್ನು ಲೆಕ್ಕಕ್ಕೆ ಬರೋಣ. ಗುಮಾಸ್ತರಿಗೆ ಇದು ಬೇಸರವಾಗಲಾರದು.

ಕಂಪ್ಯೂಟರಿನ ಚಿತ್ರವೆಂದರೆ ಸಾಲುಸಾಲಾಗಿ ಕೂಡಿಸಿದ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ಸಾಮಾನ್ಯ ಫೋನಿನ ಫೋಟೋದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 120 ಲಕ್ಷ ಚುಕ್ಕೆಗಳು. ಡಬ್ಬಿಯ ಮೇಲೆ 50 ಮೆಗಾಪಿಕ್ಸೆಲ್, 108 ಮೆಗಾಪಿಕ್ಸೆಲ್ ಎಂದು ಅಚ್ಚಾಗಿರುತ್ತದೆ, ನಿಜ. ಆದರೆ ಅಂಥ ಫೋನುಗಳಲ್ಲಿ ಹೆಚ್ಚಿನವು ನಾಲ್ಕು ಅಥವಾ ಒಂಬತ್ತು ಚುಕ್ಕೆಗಳನ್ನು ಒಂದಾಗಿಸಿ, ಕೊನೆಗೆ ನಮ್ಮ ಕೈಗೆ ಕೊಡುವುದು ಸುಮಾರು ಅದೇ 120 ಲಕ್ಷ. 44 ಅಂಗುಲದ ಚಿತ್ರವನ್ನು ಒಂದೇ ಫೋಟೋದಲ್ಲಿ ಹಿಡಿದರೆ ಅಂಗುಲಕ್ಕೆ 90 ಚುಕ್ಕೆ ಬಿದ್ದವು. ನಮ್ಮ ತರುಣರ ಪೆನ್ನಿನ ಗೆರೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಅಂಥ ಗೆರೆಯ ಪಾಲಿಗೆ ಬರುವುದು ಒಂದೇ ಚುಕ್ಕೆ. ಆ ಫೋಟೋವನ್ನು ವಾಟ್ಸ್ಯಾಪಿನಲ್ಲಿ ಸಾಧಾರಣ ರೀತಿಯಲ್ಲಿ ಕಳುಹಿಸಿದರೆ ಅದು ಇನ್ನೂ ಹಿಂಡಿ ಸಣ್ಣದಾಗುತ್ತದೆ. ಅಗಲ 1600 ಚುಕ್ಕೆಗೆ ಇಳಿಯಿತೆನ್ನಿ, ಅಂಗುಲಕ್ಕೆ 36. ಗೆರೆಗೆ ಅರ್ಧ ಚುಕ್ಕೆಯೂ ಇಲ್ಲ. ಅಕ್ಕಿಕಾಳಿನ ಗಾತ್ರದ ಮನುಷ್ಯನ ಮೂಗು ಬಾಯಿ ಎಲ್ಲಿ ಉಳಿದೀತು? ಮಸಿ ಚೆಲ್ಲಿದ ಹಾಗೆ ಕಂಡದ್ದರಲ್ಲಿ ನೋಡಿದವರ ತಪ್ಪೇನೂ ಇರಲಿಲ್ಲ.

ಮುದ್ರಣದವರು ಕೇಳುವುದು ಅಂಗುಲಕ್ಕೆ 300 ಚುಕ್ಕೆ. ಆ ಪ್ರಕಾರ ಈ ಚಿತ್ರಕ್ಕೆ 13,200 ಅಡ್ಡಕ್ಕೆ, 9,000 ಉದ್ದಕ್ಕೆ. ಹನ್ನೊಂದು ಕೋಟಿ 88 ಲಕ್ಷ ಚುಕ್ಕೆಗಳು. ಒಂದೇ ಏಟಿಗೆ ಅಷ್ಟನ್ನು ಹಿಡಿಯುವ ಕ್ಯಾಮರಾ ನಮ್ಮ ನಿಮ್ಮ ಹತ್ತಿರ ಇಲ್ಲ. ಆದುದರಿಂದ ತುಂಡುತುಂಡಾಗಿ ಹಿಡಿಯಲೇಬೇಕು. ಅಂಗಡಿಯವನು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ತುಂಡಾಗಬೇಕಾದದ್ದು ಫೋಟೋ, ಕಾಗದವಲ್ಲ.

ಸ್ಕ್ಯಾನರಿನಿಂದ ಆಗುವುದಿಲ್ಲವೆ ಎಂದು ಕೆಲವರು ಕೇಳಿದರು. ಆಫೀಸುಗಳಲ್ಲಿರುವ ಗಾಜಿನ ಸ್ಕ್ಯಾನರ್ ಎ4 ಅಳತೆಯದು, ಎಂಟೂಕಾಲು ಅಂಗುಲಕ್ಕೆ ಹನ್ನೊಂದೂಮುಕ್ಕಾಲು. ಎ3 ಹಾಳೆಯ ಚಿತ್ರವಾದರೆ ಎರಡು ಮೂರು ಸಲ ತಿರುಗಿಸಿಟ್ಟು ಪ್ರತಿ ತೆಗೆದು ಕೂಡಿಸಬಹುದು. ಬೆಳಕಿನ ತಕರಾರಿಲ್ಲ, ಡೊಂಕಿನ ಭಯವಿಲ್ಲ, ಸೊಗಸಾಗಿ ಬರುತ್ತದೆ. ನಮ್ಮ ಆಮೆಯೂರಿನಂಥದ್ದಕ್ಕೆ ಅದು ಒದಗುವುದಿಲ್ಲ. ಗಾಜಿನ ಸುತ್ತ ಎತ್ತರದ ಅಂಚು ಇರುವುದರಿಂದ, ದೊಡ್ಡ ಹಾಳೆಯ ನಡುಭಾಗ ಗಾಜಿಗೆ ತಾಗದೆ ಮೇಲೆ ನಿಲ್ಲುತ್ತದೆ. ಬಲವಾಗಿ ಒತ್ತಿದರೆ ಅಂಚಿನ ಗುಂಟ ಕಾಗದ ಮಡಿಚಿಕೊಳ್ಳುತ್ತದೆ. ತೆಳ್ಳನೆಯ ಹೊಸ ಸ್ಕ್ಯಾನರುಗಳಲ್ಲಿ ಇನ್ನೊಂದು ಕುಂದುಂಟು: ಗಾಜಿಗೆ ಅಂಟಿಕೊಂಡದ್ದು ಮಾತ್ರ ಅವುಗಳ ಕಣ್ಣಿಗೆ ಸ್ಪಷ್ಟ, ಎರಡು ಮಿಲಿಮೀಟರು ಮೇಲೆ ನಿಂತದ್ದು ಮಬ್ಬು. ಒಳಗೆ ಕನ್ನಡಿ, ಮಸೂರಗಳಿರುವ ಹಳೆಯ ದಪ್ಪ ಸ್ಕ್ಯಾನರುಗಳು ಈ ವಿಷಯದಲ್ಲಿ ವಾಸಿ. ಗುಜರಿಯಲ್ಲಿ ಅಂಥದ್ದೊಂದು ಸಿಕ್ಕಿದರೆ ಬಿಡಬೇಡಿ.

ಕಟ್ಟಡದ ನಕ್ಷೆಗಳನ್ನು ಪ್ರತಿಮಾಡುವ ಅಂಗಡಿಗಳಲ್ಲಿ 36 ಅಂಗುಲ ಅಗಲದ ಹಾಳೆಯನ್ನು ಉರುಳೆಗಳ ನಡುವೆ ಎಳೆದುಕೊಂಡು ಓದುವ ಯಂತ್ರವಿರುತ್ತದೆ. ನಿಮ್ಮ ಚಿತ್ರ ಒಂದೇ ಹಾಳೆಯದಾಗಿ, ಮಸಿಯಲ್ಲಿ ಬರೆದದ್ದಾಗಿ, ಮೇಲೆ ಏನನ್ನೂ ಅಂಟಿಸದೆ ಇದ್ದರೆ, ಮುಂದೆ ಹೇಳುವ ಶ್ರಮವೊಂದೂ ಬೇಡ. ನೇರವಾಗಿ ಅಲ್ಲಿಗೆ ಹೋಗಿ. "ಬಣ್ಣದಲ್ಲಿ ಬೇಕು, 300ರಲ್ಲಿ ಬೇಕು, ಟಿಫ್ ಫೈಲು ಬೇಕು" ಎಂದು ಈ ಮೂರು ಮಾತು ಹೇಳಲು ಮರೆಯಬೇಡಿ. ಇಲ್ಲವಾದರೆ ನಕ್ಷೆಯ ಅಭ್ಯಾಸದಲ್ಲಿ ಕಪ್ಪು ಬಿಳುಪು ಮಾಡಿ ಕೊಟ್ಟಾರು. ಆದರೆ ಟೇಪಿನ ಬೆಸುಗೆ, ತಗಡಿನ ಚೂರು, ಉದುರುವ ಬಣ್ಣದ ಕಡ್ಡಿ ಇವು ಇದ್ದ ಚಿತ್ರವನ್ನು ಉರುಳೆಗೆ ಕೊಡಬಾರದು. ಟೇಪು ಬಿಟ್ಟುಕೊಂಡು ಹಾಳೆ ಒಳಗೆ ಸಿಕ್ಕಿಕೊಂಡರೆ ಆಗ ಕತ್ತರಿಯ ಅವಶ್ಯಕತೆಯೇ ಬೀಳುವುದಿಲ್ಲ, ಯಂತ್ರವೇ ಆ ಕೆಲಸ ಮಾಡುತ್ತದೆ. ನಮಗೆ ಉಳಿದ ದಾರಿ ಕ್ಯಾಮರಾ ಒಂದೇ.

ಮೊದಲ ಭಾನುವಾರ ನಾವು ಮಾಡಿದ್ದು ಶುದ್ಧ ಅವಿವೇಕ. ಚಿತ್ರವನ್ನು ಮೇಜಿನ ಮೇಲೆ ಹರಡಿ, ಟ್ಯೂಬ್‌ಲೈಟು ಹಾಕಿ, ಕೈಯಲ್ಲಿ ಫೋನು ಹಿಡಿದು ಸುತ್ತಲೂ ಓಡಾಡಿ ಇಪ್ಪತ್ತು ಫೋಟೋ ತೆಗೆದೆವು. ಕೂಡಿಸಿ ನೋಡಿದಾಗ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹೊಲಿಯುವ ಕೌದಿ ಸಿದ್ಧವಾಗಿತ್ತು: ಒಂದು ತುಂಡು ಹಳದಿ, ಒಂದು ನೀಲಿ, ಒಂದು ಓರೆ, ಒಂದರಲ್ಲಿ ನಮ್ಮ ತಲೆಯ ನೆರಳು. ಕೆಲವು ಫೋಟೋಗಳಲ್ಲಿ ಅಡ್ಡಡ್ಡ ಪಟ್ಟೆಗಳೂ ಬಿದ್ದಿದ್ದವು. ನಮ್ಮ ದೇಶದ ವಿದ್ಯುತ್ತಿನ ದೀಪಗಳು ಅನೇಕವು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಅದು ಕಾಣದು, ಸಾಲುಸಾಲಾಗಿ ಓದುವ ಫೋನಿಗೆ ಕಾಣುತ್ತದೆ. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬಿನದು ಇನ್ನೊಂದು. ಎರಡನ್ನೂ ಬೆರೆಸಿದರೆ ಯಾವ ತಿದ್ದುಪಡಿಯಿಂದಲೂ ಸರಿಹೋಗುವುದಿಲ್ಲ.

ಎರಡನೆಯ ಭಾನುವಾರ ಕ್ರಮವಾಗಿ ಕುಳಿತೆವು. ದೀಪಗಳನ್ನೆಲ್ಲ ಆರಿಸಿದೆವು. ಮೋಡ ಕವಿದ ಹಗಲು ಈ ಕೆಲಸಕ್ಕೆ ಅತ್ಯುತ್ತಮ. ಇಡೀ ಆಕಾಶವೇ ಒಂದು ಬಿಳಿಯ ದೀಪವಾಗಿ, ನೆರಳಿಲ್ಲದ ಬೆಳಕು ಬರುತ್ತದೆ. ಮುಂಬಯಿಯ ಮಳೆಗಾಲವನ್ನು ಎಷ್ಟು ಬೈದರೂ ಈ ಒಂದು ಉಪಕಾರವನ್ನು ಒಪ್ಪಿಕೊಳ್ಳಲೇಬೇಕು. ಕಿಟಕಿಯ ಎದುರುಬದಿಗೆ ಬಿಳಿಯ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಆ ಕಡೆಯ ಮಬ್ಬೂ ಕಡಿಮೆಯಾಗುತ್ತದೆ. ಫ್ಲ್ಯಾಶಿನ ಹೆಸರೆತ್ತಬೇಡಿ, ಸೀಸದ ಕಡ್ಡಿಯ ಗೆರೆ, ಬಾಲ್‌ಪೆನ್ನಿನ ಮಸಿ ಎರಡೂ ಥಳಥಳಿಸಿ ಬೆಳ್ಳಗಾಗುತ್ತವೆ.

ಕ್ಯಾಮರಾ ನಿಂತಲ್ಲೇ ನಿಲ್ಲಬೇಕು, ಚಿತ್ರ ಸರಿಯಬೇಕು. ಮುಖ್ಯ ಗುಟ್ಟು ಇದೇ. ನೆಲದ ಮೇಲೆ ಕಟ್ಟುಹಾಕಿಸಿದ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಎರಡು ಕಡೆ ಒಂದೊಂದಡಿ ಎತ್ತರಕ್ಕೆ ಪೇರಿಸಿ, ಮೇಲೆ ಆರಡಿಯ ಹಲಗೆಯೊಂದನ್ನು ಸೇತುವೆಯಂತೆ ಇಟ್ಟೆವು. ಹಲಗೆಯ ನಡುವೆ ಫೋನು, ಅದರ ಕಣ್ಣು ಮಾತ್ರ ಅಂಚಿನಿಂದ ಹೊರಗೆ. ಆ ಸಂಪುಟಗಳನ್ನು ಕೇಳಿ ಓದುವವರಿಲ್ಲ ಎಂದು ಕಾರ್ಯಕಾರಿ ಸಮಿತಿಯಲ್ಲಿ ಪ್ರತಿವರ್ಷ ಚರ್ಚೆಯಾಗುತ್ತದೆ; ಈ ವರ್ಷ ಒಂದು ಉತ್ತರ ಸಿಕ್ಕಿತು. ಚಿತ್ರವನ್ನು ಫ್ರಿಜ್ಜಿನ ಪೆಟ್ಟಿಗೆಯ ದಪ್ಪ ರಟ್ಟಿನ ಮೇಲೆ ಹರಡಿ, ರಟ್ಟನ್ನೇ ಸೇತುವೆಯ ಕೆಳಗೆ ಸರಿಸುತ್ತ ಹೋದೆವು.

ಫೋನು ಚಿತ್ರಕ್ಕೆ ಸಮನಾಗಿ ಮಲಗಿದೆಯೇ ಎಂದು ತಿಳಿಯಲು ಒಂದು ಹಳೆಯ ಉಪಾಯವುಂಟು. ಕಣ್ಣಿನ ಕೆಳಗೆ ಚಿತ್ರದ ಮೇಲೆ ಸಣ್ಣ ಕನ್ನಡಿಯೊಂದನ್ನು ಅಂಗಾತ ಇಡಿ. ಪರದೆಯ ನಟ್ಟನಡುವೆ ಫೋನಿನ ಕಣ್ಣೇ ಪ್ರತಿಬಿಂಬವಾಗಿ ಕಂಡರೆ ಸರಿಯಾಗಿದೆ. ಪಕ್ಕಕ್ಕೆ ಕಂಡರೆ ಹಲಗೆಯ ಕೆಳಗೆ ಕಾಗದದ ಮಡಿಕೆ ತುರುಕಿ ಸರಿಪಡಿಸಿ. ಸ್ವಲ್ಪ ಓರೆಯಾದರೂ ಚೌಕದ ಗೋಪುರ ಒಂದು ಕಡೆ ಕಿರಿದಾಗುತ್ತದೆ. ಫೋನಿನಲ್ಲಿ ಎರಡು ಮೂರು ಕಣ್ಣುಗಳಿದ್ದರೆ ಅಗಲದ ಕಣ್ಣನ್ನು ಬಿಟ್ಟು ಮುಖ್ಯವಾದದ್ದನ್ನೇ ಬಳಸಬೇಕು. ಅಗಲದ ಕಣ್ಣು ಅಂಚಿನ ಗೆರೆಗಳನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಬೆಳಕಿನ ಪ್ರಮಾಣ, ಬಿಳುಪಿನ ಹೊಂದಿಕೆ, ದೂರ ಈ ಮೂರನ್ನೂ ಫೋನು ತನ್ನಷ್ಟಕ್ಕೆ ಬದಲಾಯಿಸದಂತೆ ಬೀಗ ಹಾಕಬೇಕು. ಬಹಳಷ್ಟು ಫೋನುಗಳಲ್ಲಿ 'ಪ್ರೊ' ಎಂಬ ಹೆಸರಿನಡಿ ಈ ಸೌಕರ್ಯವಿದೆ. ಬೆರಳು ತಾಗಿ ಅಲುಗದಂತೆ ಎರಡು ಸೆಕೆಂಡಿನ ಗಡುವು ಇಟ್ಟರೆ ಒಳ್ಳೆಯದು.

ಒಂದಡಿ ಎತ್ತರದಿಂದ ಒಂದು ಫೋಟೋಕ್ಕೆ ಸುಮಾರು 16 ಅಂಗುಲಕ್ಕೆ 12 ಅಂಗುಲ ಜಾಗ ಸಿಕ್ಕಿತು. ಅಂಗುಲಕ್ಕೆ 250 ಚುಕ್ಕೆ. 300 ಅಲ್ಲದಿದ್ದರೂ ಗೆರೆಗೆ ಮೂರು ಚುಕ್ಕೆ ಬಂದವಲ್ಲ, ಅಕ್ಕಿಕಾಳಿನ ಮನುಷ್ಯನಿಗೆ ಮೂಗು ಬಂತು. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ಫೋಟೋ. ಬರಿಯ ಲೆಕ್ಕದ ಪ್ರಕಾರ 9 ಸಾಕಲ್ಲವೆ ಎಂದು ಒಬ್ಬರು ಆಕ್ಷೇಪಿಸಿದರು. ಮಂಗಳೂರು ಹೆಂಚನ್ನು ಹೊದಿಸುವವರನ್ನು ನೋಡಿದವರಿಗೆ ಉತ್ತರ ತಿಳಿದಿದೆ: ಹೆಂಚಿನ ಅಂಚಿಗೆ ಅಂಚು ತಾಗಿಸಿದರೆ ಮನೆ ಸೋರುತ್ತದೆ, ಒಂದು ಇನ್ನೊಂದರ ಮೇಲೆ ಹಾಯಬೇಕು. ಪಕ್ಕದ ಎರಡು ಫೋಟೋಗಳಲ್ಲಿ ಕಡಮೆಯೆಂದರೆ ಕಾಲುಭಾಗ ಚಿತ್ರ ಎರಡರಲ್ಲೂ ಇರಬೇಕು. ಆ ಸಮಾನಭಾಗವನ್ನು ನೋಡಿಯೇ ಕಂಪ್ಯೂಟರು ಯಾವುದರ ಪಕ್ಕ ಯಾವುದು ಎಂದು ಕಂಡುಹಿಡಿಯುವುದು. ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ಚಿತ್ರದ ನಡುವೆ ತೂತು. ಕಣ್ಣಿನ ನಡುಭಾಗ ಎಲ್ಲಕ್ಕಿಂತ ಸ್ಪಷ್ಟ, ಅಂಚು ಸ್ವಲ್ಪ ಮೆತ್ತಗೆ. ಹಾಯಿಸುವ ಭಾಗ ಹೆಚ್ಚಿದ್ದರೆ ಮೆತ್ತನೆಯ ಅಂಚುಗಳನ್ನು ಬಿಟ್ಟುಬಿಡಲೂ ಬರುತ್ತದೆ.

ಚಿತ್ರವನ್ನು ಇಡುವ ಮೊದಲು ಅದೇ ಜಾಗದಲ್ಲಿ ಬರಿಯ ಬಿಳಿ ಹಾಳೆಯ ಫೋಟೋ ಒಂದನ್ನು ತೆಗೆದಿಡಬೇಕು. ಬೆಳಕು ಕಿಟಕಿಯ ಕಡೆಗೆ ಹೆಚ್ಚು, ಆಚೆಗೆ ಕಡಿಮೆ. ಕ್ಯಾಮರಾ ಅಲುಗದೆ ಇರುವುದರಿಂದ 16 ಫೋಟೋಗಳಲ್ಲೂ ಈ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿರುತ್ತದೆ. ಬಿಳಿ ಹಾಳೆ ಎಲ್ಲಿ ಎಷ್ಟು ಮಬ್ಬಾಗಿ ಬಂತೆಂದು ನೋಡಿ, ಅಷ್ಟನ್ನೇ ಎಲ್ಲ ಫೋಟೋಗಳಿಗೂ ಕೂಡಿಸಿದರಾಯಿತು. ಇದನ್ನು ಮಾಡದಿದ್ದರೆ ಕೂಡಿಸಿದ ಚಿತ್ರದಲ್ಲಿ ಚದುರಂಗದ ಮಣೆಯಂತೆ ಕಪ್ಪುಬಿಳುಪಿನ ಮನೆಗಳು ಕಾಣುತ್ತವೆ.

ಇಷ್ಟೆಲ್ಲ ಮಾಡಿಯೂ ಆ ದಿನ ಹತ್ತು ಫೋಟೋಗಳಾಗುವಷ್ಟರಲ್ಲಿ ಜೋರು ಮಳೆ ಬಂದು ಕತ್ತಲಾಯಿತು. ಉಳಿದ ಆರನ್ನು ಮುಂದಿನ ಭಾನುವಾರ ತೆಗೆದರಾಯಿತೆಂದು ಎದ್ದೆವು. ಅದೂ ತಪ್ಪೆಂದು ಆಮೇಲೆ ಗೊತ್ತಾಯಿತು. ಕಾಗದ ಗಾಳಿಯ ತೇವವನ್ನು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನಲ್ಲ, ನಾರು ಮಲಗಿದ ದಿಕ್ಕಿಗಿಂತ ಅದಕ್ಕೆ ಅಡ್ಡವಾಗಿ ಹೆಚ್ಚು. ಒಂದು ವಾರದ ಅಂತರದಲ್ಲಿ ತೆಗೆದ ಎರಡು ಗುಂಪುಗಳು ಆಮೆಯ ಕುತ್ತಿಗೆಯ ಹತ್ತಿರ ಒಂದು ಮಿಲಿಮೀಟರಿನಷ್ಟು ಹೊಂದಲಿಲ್ಲ. ಮೂರನೆಯ ಭಾನುವಾರ ಹದಿನಾರನ್ನೂ ಹೊಸದಾಗಿ, ಒಂದೇ ಬೈಠಕಿನಲ್ಲಿ, ನಾಲ್ವತ್ತು ನಿಮಿಷದೊಳಗೆ ಮುಗಿಸಿದೆವು.

ಕೂಡಿಸುವುದಕ್ಕೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಿವೆ. ನಾವು ಬಳಸಿದ್ದು ಹ್ಯೂಗಿನ್ ಎಂಬ, ಯಾರಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದದ್ದು. ಅದನ್ನು ಮುಖ್ಯವಾಗಿ ಮಾಡಿರುವುದು ನಿಂತಲ್ಲೇ ತಿರುಗಿ ತೆಗೆದ ಬೆಟ್ಟಗುಡ್ಡಗಳ ಫೋಟೋಗಳಿಗಾಗಿ. ಆದುದರಿಂದ, ಇಲ್ಲಿ ಕ್ಯಾಮರಾ ತಿರುಗಿಲ್ಲ, ಪಕ್ಕಕ್ಕೆ ಸರಿದಿದೆ ಎಂದು ಅದಕ್ಕೆ ತಿಳಿಸಿಕೊಡಬೇಕಾಗುತ್ತದೆ. ಹಾಗೆ ತಿಳಿಸಿದ ಮೇಲೆ ಊರಿನ ಭಾಗವನ್ನೆಲ್ಲ ಅದು ತಾನೇ ಹೊಂದಿಸಿತು. ಸಮುದ್ರದಲ್ಲಿ ಮಾತ್ರ ಎಡವಿತು. ಅಲೆಗಳೆಲ್ಲ ಒಂದೇ ತರಹ ಇದ್ದುದರಿಂದ ಒಂದು ಅಲೆಯನ್ನು ಇನ್ನೊಂದೆಂದು ತಿಳಿದು, ಮೀನೊಂದನ್ನು ಎರಡು ಮಾಡಿತು. ಅಲ್ಲಿ ನಮ್ಮ ತರುಣರೇ ಕುಳಿತು, "ಈ ಚುಕ್ಕೆ ಅಂದ್ರ ಆ ಚುಕ್ಕೆ ರೀ" ಎಂದು ಒಂದೊಂದಾಗಿ ತೋರಿಸಬೇಕಾಯಿತು. ಬರೆದವರಿಗೆ ತಮ್ಮ ಅಲೆಗಳ ಗುರುತಿರುತ್ತದೆ. ನಮಗಂತೂ ಒಂದೂ ತಿಳಿಯಲಿಲ್ಲ.

ಇದು ಬಡವರ ಉಪಾಯ ಮಾತ್ರವೆಂದು ಯಾರೂ ಭಾವಿಸಬಾರದು. ಹಾಲೆಂಡಿನ ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ರಾತ್ರಿಯ ಕಾವಲು' ಎಂಬ ವರ್ಣಚಿತ್ರವಿದೆ, ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಅದರ ಹೊಸ ಪ್ರತಿಯೊಂದನ್ನು 2022ರ ಜನವರಿಯಲ್ಲಿ ಅಂತರ್ಜಾಲದಲ್ಲಿ ಇಟ್ಟರು. ಅದಕ್ಕಾಗಿ ಅವರು ತೆಗೆದ ಫೋಟೋಗಳು 8,439. ಒಂದೊಂದರಲ್ಲಿ ಹಿಡಿದ ಜಾಗ ಐದೂವರೆ ಸೆಂಟಿಮೀಟರಿಗೆ ನಾಲ್ಕು. ಕೂಡಿಸಿದಾಗ 71,700 ಕೋಟಿ ಚುಕ್ಕೆಗಳಾದವು. ಅವರ ಯಂತ್ರಗಳು ಬೇರೆ, ವಿಧಾನ ಅದೇ ಹೆಂಚು ಹೊದಿಸುವ ವಿಧಾನ.

ನಮ್ಮ ಆಮೆಯೂರು 11,000 ಚುಕ್ಕೆ ಅಗಲ, 7,500 ಎತ್ತರವಾಗಿ ಸಿದ್ಧವಾಯಿತು. ಹಿಂಡದೆ ಇಟ್ಟರೆ ಸುಮಾರು 250 ಎಂಬಿ. ಬಂಗಾರದ ತಗಡುಗಳು ಮಾತ್ರ ಕಪ್ಪು ಕಲೆಗಳಾಗಿ ಬಂದಿದ್ದವು. ತಗಡು ಕನ್ನಡಿಯಂತೆ ಮೇಲಿರುವ ಹಲಗೆಯ ಕತ್ತಲನ್ನೇ ತೋರಿಸುತ್ತದೆ. ಅವುಗಳಿಗೆ ಪಕ್ಕದಿಂದ ಬಿಳಿ ಕಾಗದದ ಹೊಳಪು ಬೀಳಿಸಿ ಬೇರೆ ಫೋಟೋ ತೆಗೆದು ಆ ಚೂರುಗಳನ್ನಷ್ಟೇ ಸೇರಿಸಿದೆವು. ಆಮೇಲೆ ತಿದ್ದುವ ಆಸೆ ಹುಟ್ಟುತ್ತದೆ. ಕಾಗದವನ್ನು ಹಾಲಿನಂತೆ ಬೆಳ್ಳಗೆ ಮಾಡುವ ಗುಂಡಿಯೊಂದು ಎಲ್ಲ ತಂತ್ರಾಂಶಗಳಲ್ಲೂ ಇರುತ್ತದೆ. ಅದನ್ನು ಒತ್ತಿದರೆ ತೆಳ್ಳನೆಯ ಸೀಸದ ಗೆರೆಗಳೂ ಮೊದಲ ಪದರದ ನೀರುಬಣ್ಣವೂ ಮಾಯವಾಗುತ್ತವೆ. ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವ ಫೋನಿನ ಆ್ಯಪುಗಳ ದೋಷವೂ ಇದೇ. ರೇಷನ್ ಕಾರ್ಡಿಗೆ ಒಳ್ಳೆಯವು, ಚಿತ್ರಕ್ಕೆ ಕೂಡದು. ಚಿತ್ರವನ್ನೂ ಪರದೆಯನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಕಣ್ಣಿಗೆ ಒಂದೇ ಎನ್ನಿಸುವವರೆಗೆ ಮಾತ್ರ ತಿದ್ದತಕ್ಕದ್ದು. ಕಾಗದದ ಉರುಟನ್ನೂ, ಎರಡು ಹಾಳೆ ಕೂಡಿದ ಗೆರೆಯನ್ನೂ ನಾವು ಹಾಗೆಯೇ ಬಿಟ್ಟೆವು. ಈಗ ಎರಡು ಸಾಲು ಮಾತು ಟೈಪು ಮಾಡಿದರೆ ಯಂತ್ರವೇ ಇಂಥ ಊರುಗಳನ್ನು ಕ್ಷಣದಲ್ಲಿ ಬರೆದುಕೊಡುವ ಕಾಲ. ಇದು ಕೈಯಿಂದ ಬರೆದದ್ದೇ ಎಂದು ಕೇಳುವವರು ಕೇಳುತ್ತಾರೆ. ಕಾಗದದ ಗುರುತುಗಳು ಆ ಪ್ರಶ್ನೆಗೆ ಉತ್ತರವಾಗುತ್ತವೆ. ಬರೆಯುತ್ತಿರುವಾಗಲೇ ತೆಗೆದ ಒಂದೆರಡು ಫೋಟೋಗಳಿದ್ದರೆ ಇನ್ನೂ ಬಲ.

ಮೂಲ ಫೈಲನ್ನು ಟಿಫ್ ಇಲ್ಲವೆ ಪಿಎನ್‌ಜಿ ರೂಪದಲ್ಲಿ ಇಡಬೇಕು. ಜೆಪೆಗ್ ಎಂಬುದು ಜಾಗ ಉಳಿಸಲು ಕಣ್ಣಿಗೆ ಕಾಣದ ವಿವರಗಳನ್ನು ಬಿಡುತ್ತದೆ. ತಿದ್ದಿ ತಿದ್ದಿ ಉಳಿಸಿದಷ್ಟೂ ಬಿಡುತ್ತಲೇ ಹೋಗಿ ಕೊನೆಗೆ ಕಣ್ಣಿಗೂ ಕಾಣುತ್ತದೆ. ಮೂಲವನ್ನು ಎರಡು ಕಡೆ ಇಡಿ, ಎರಡೂ ಒಂದೇ ಕೋಣೆಯಲ್ಲಿ ಬೇಡ. ನಮ್ಮ ತರುಣರ ಒಂದು ಪೆನ್‌ಡ್ರೈವು ವಾಚನಾಲಯದ ಕಪಾಟಿನಲ್ಲಿದೆ, ಇನ್ನೊಂದು ಗಂಗಾವತಿಯಲ್ಲಿ ಅಕ್ಕನ ಮನೆಯಲ್ಲಿದೆ.

ಲೋಕಕ್ಕೆ ತೋರಿಸಲು ಬೇರೆ ಪ್ರತಿ. ಅಗಲ 2000 ಚುಕ್ಕೆಯ ಜೆಪೆಗ್ ಮಾಡಿ, ಬಣ್ಣದ ಕ್ರಮ ಎಸ್‌ಆರ್‌ಜಿಬಿ ಎಂದು ಇಟ್ಟರೆ ಎಲ್ಲ ಪರದೆಗಳಲ್ಲೂ ಹೆಚ್ಚುಕಡಿಮೆ ಒಂದೇ ಬಣ್ಣ ಕಾಣುತ್ತದೆ. ಅದರಲ್ಲಿ ಊರು ಕಾಣುತ್ತದೆ, ಜನ ಕಾಣುವುದಿಲ್ಲ. ಅದಕ್ಕಾಗಿ ಮೂಲದಿಂದ ಎಂಟು ಹತ್ತು ಕಡೆ ಅಂಗೈಯಗಲದ ತುಂಡುಗಳನ್ನು ಪೂರ್ಣ ಗಾತ್ರದಲ್ಲೇ ತೆಗೆದು ಜೊತೆಯಲ್ಲಿ ಹಾಕಿದೆವು: ನೂಲು ಸುತ್ತುವವನು, ಜಗಳದ ಮೆಟ್ಟಿಲು, ದೋಣಿಯ ಬಾಗಿಲು. ಜನ ಹೆಚ್ಚಾಗಿ ನಿಂತು ನೋಡಿದ್ದು ಇವುಗಳನ್ನೇ. ನಕ್ಷೆಯಂತೆ ಬೆರಳಿಂದ ಹಿಗ್ಗಿಸಿ ಒಳಹೊಕ್ಕು ನೋಡುವ ವ್ಯವಸ್ಥೆಯೂ ಉಂಟು. ಓಪನ್‌ಸೀಡ್ರ್ಯಾಗನ್ ಎಂಬ ಉಚಿತ ಸಾಧನ, ಮೊದಲೇ ಸಣ್ಣ ಚೌಕಗಳಾಗಿ ಒಡೆದಿಟ್ಟ ಚಿತ್ರದಿಂದ ನೋಡುವವನು ಬಯಸಿದ ಚೌಕಗಳನ್ನಷ್ಟೇ ತರಿಸಿ ತೋರಿಸುತ್ತದೆ. ಅದಕ್ಕೆ ಸ್ವಂತ ಜಾಲತಾಣ ಬೇಕು. ಊರಿನವರಿಗೆ ವಾಟ್ಸ್ಯಾಪಿನಲ್ಲಿ ಕಳುಹಿಸುವಾಗ ಫೋಟೋ ಎಂದು ಕಳುಹಿಸದೆ 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಹಿಂಡುವುದಿಲ್ಲ.

2000 ಚುಕ್ಕೆಯ ಪ್ರತಿಯಿಂದ ಇನ್ನೊಂದು ಲಾಭ. ಯಾರಾದರೂ ಕದ್ದು ಅಚ್ಚುಹಾಕಿಸಲು ಹೊರಟರೆ 300ರ ಲೆಕ್ಕದಲ್ಲಿ ಏಳು ಅಂಗುಲವೂ ಸರಿಯಾಗಿ ಬರುವುದಿಲ್ಲ. ಪೂರ್ಣ ಫೈಲನ್ನು ಯಾರಿಗೂ, ಎಷ್ಟೇ ಹೊಗಳಲಿ, ಲಿಖಿತ ಕರಾರಿಲ್ಲದೆ ಕೊಡಬಾರದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಚಿತ್ರ ಬರೆದ ಕೂಡಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ, ಬರೆದವರ ಆಯುಷ್ಯ ಮುಗಿದ ಮೇಲೂ 60 ವರ್ಷ ವಾರಸುದಾರರಿಗೆ ನಡೆಯುತ್ತದೆ. ಕಾಗದವನ್ನು ಮಾರಿದ ಮಾತ್ರಕ್ಕೆ ಹಕ್ಕು ಮಾರಿದಂತಲ್ಲ. ಷಿಕಾಗೋದ ಡಾರ್ಜರ್ ತೀರಿಕೊಂಡು ಅರ್ಧ ಶತಮಾನ ಕಳೆಯುತ್ತ ಬಂದ ಮೇಲೆ, 2022ರಲ್ಲಿ, ಅವನ ದೂರದ ಬಂಧುಗಳು ಚಿತ್ರಗಳ ಹಕ್ಕಿಗಾಗಿ ಕೋರ್ಟಿಗೆ ಹೋದರು. ಕೋಣೆಯಲ್ಲಿದ್ದಾಗ ಅವನನ್ನು ಕೇಳಿದವರಿರಲಿಲ್ಲ. ವಿಕಿಮೀಡಿಯಾ ಕಾಮನ್ಸಿನಂಥ ಸಾರ್ವಜನಿಕ ಭಂಡಾರಕ್ಕೆ ಹಾಕುವವರು ಒಂದು ತಿಳಿದಿರಬೇಕು: ಅಲ್ಲಿಗೆ ಕೊಟ್ಟದ್ದನ್ನು, ಹೆಸರು ಹೇಳಿ, ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದು. ಒಪ್ಪಿಗೆಯಿದ್ದರೆ ಅದೂ ಒಳ್ಳೆಯದೇ. ಸಿನೆಮಾದ ಅಥವಾ ಆಟದ ಪಾತ್ರಗಳನ್ನು ಬರೆದವರು ಮಾತ್ರ ಆ ಪಾತ್ರಗಳು ತಮ್ಮವಲ್ಲವೆಂಬುದನ್ನು ಮರೆಯಕೂಡದು.

ಕಾಗದದ ಚಿತ್ರವನ್ನು ಈಗ ತೊಲೆಗೆ ತೂಗುಹಾಕಿಲ್ಲ. ನಾಲ್ಕಂಗುಲದ ಪಿವಿಸಿ ಕೊಳವೆಗೆ ಮೊದಲು ಬಿಳಿ ಕಾಗದ ಸುತ್ತಿ, ಚಿತ್ರದ ಮುಖ ಹೊರಗೆ ಬರುವಂತೆ ಅದರ ಮೇಲೆ ಸುತ್ತಿ, ಮೇಲೆ ಹಳೆಯ ಪಂಚೆ ಹೊದಿಸಿ ವಾಚನಾಲಯದ ಅಟ್ಟದಲ್ಲಿ ಮಲಗಿಸಿದ್ದೇವೆ. ಪ್ಲಾಸ್ಟಿಕ್ ಹಾಳೆಯೊಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಹಿಂಬದಿಯ ಟೇಪಿನ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯತೊಡಗಿದೆ; ಅದನ್ನು ಎಳೆದು ತೆಗೆಯಲು ನಮಗೆ ಧೈರ್ಯವಿಲ್ಲ, ಬಲ್ಲವರಿಗೆ ತೋರಿಸಬೇಕೆಂದಿದ್ದೇವೆ. ಹೊಸದಾಗಿ ಬರೆಯುವವರು ಹಾಳೆಗಳನ್ನು ಟೇಪಿನಿಂದ ಕೂಡಿಸದೆ ಗೋಧಿ ಹಿಟ್ಟಿನ ಸರಿಯಿಂದ ಕೂಡಿಸುವುದು ಮೇಲು.

ಹಲಗೆ, ಥರ್ಮೋಕೋಲ್, ಕನ್ನಡಿ, ಸಂಪುಟಗಳು ವಾಚನಾಲಯದಲ್ಲಿಯೇ ಇವೆ. ಇಂಥ ದೊಡ್ಡ ಚಿತ್ರವುಳ್ಳ ಸದಸ್ಯರು ಒಂದು ವಾರ ಮೊದಲು ತಿಳಿಸಿ ಭಾನುವಾರ ಬೆಳಿಗ್ಗೆ 9 ಘಂಟೆಗೆ ತರಬಹುದು; ಪತ್ರಿಕೆ ಓದುವವರಿಗೆ ತೊಂದರೆಯಾಗದಂತೆ 11ರೊಳಗೆ ಮುಗಿಸಬೇಕು. ಚಿತ್ರ ಹರಡಿದ ಮೇಲೆ ಆ ಬದಿಗೆ ಚಹಾದ ಗ್ಲಾಸು ತರಕೂಡದು.